ಡೊಳ್ಳಣ್ಣನ ನೀರಿನಲ್ಲಿ ನೈಟ್ರೇಟು

ನಾನು ಯಾರ ಮನೆಯ ನೀರಿಗೂ ವಿಷ ಹಾಕಿಲ್ಲ. ಯಾರ ಮನೆಯ ನೀರಿನಲ್ಲೋ ವಿಷ ಇದೆ ಎಂದು ಬೇಕೆಂದೇ ಸುಳ್ಳು ಹಬ್ಬಿಸಿದವನೂ ಅಲ್ಲ. ನಾನು ಮಾಡಿದ್ದು ಇಷ್ಟೆ, ನೀರನ್ನು ಪರೀಕ್ಷಿಸಿದೆ. ಅಷ್ಟಕ್ಕೇ ಈ ಕಟ್ಟಡದ ನಾಲ್ಕು ಮಹಡಿಯ ಜನ ನನ್ನನ್ನು ‘ಬಕೆಟ್ ಡಾಕ್ಟರು’ ಎಂದು ಕರೆಯುತ್ತಾರೆ. ಮೆಟ್ಟಿಲಿನಲ್ಲಿ ಎದುರಾದರೆ ಮುಖ ತಿರುಗಿಸಿ ನಗುತ್ತಾರೆ. ಇದೇ ಜನ ಮೊನ್ನೆ ಮೊನ್ನೆಯವರೆಗೆ ಒಂದೊಂದು ಲೋಟ ನೀರು ಹಿಡಿದುಕೊಂಡು ತಮ್ಮ ತಮ್ಮ ಬಾಗಿಲಲ್ಲಿ ನನಗಾಗಿ ಕಾದು ನಿಂತಿದ್ದರು. ನಾನು ಹೂಂ ಎನ್ನುವವರೆಗೆ ಒಬ್ಬರೂ ಹಲ್ಲುಜ್ಜುವಂತಿರಲಿಲ್ಲ. ಅದನ್ನು ಈಗ ಯಾರಾದರೂ ನೆನಪಿಸಿಕೊಳ್ಳಲಿ ನೋಡೋಣ!

ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನ್ಯಾಯ ಯಾರ ಕಡೆ ಇದೆ ಎಂಬುದನ್ನು ನೀವೇ ತೀರ್ಮಾನಿಸಿ.

ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವನು. ಮೂಗಿನ ಏಣು, ಕಿವಿಯ ಹಿಂದಿನ ತಿರುವು, ಎರಡು ಕಣ್ಣಿನ ನಡುವಿನ ಅಂತರ, ಇವನ್ನು ನೋಡಿದ ಮಾತ್ರಕ್ಕೆ ಹೇಳಬಲ್ಲೆ. ಮನೆಯಲ್ಲಿ ಹೆಂಡತಿ ಇದ್ದಾಳೆ, ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಅತ್ತೆ ತೀರಿಕೊಂಡ ಮೇಲೆ ಮಾವನವರೂ ಬಂದು ನಮ್ಮ ಜೊತೆಗೇ ಇದ್ದಾರೆ. ಮಾವ ಎಂದರೆ ಸಾಮಾನ್ಯರಲ್ಲ. ಇದೇ ಊರಿನ ನೀರು ಸರಬರಾಜಿನ ಪಂಪ್ ಹೌಸಿಗೆ ಸೂಪರಿಂಟೆಂಡೆಂಟ್ ಆಗಿದ್ದವರು. ಆ ಕಾಲದಲ್ಲಿ ಅವರು ಕೆಮ್ಮಿದರೆ ಪೈಪಿನಲ್ಲಿ ನೀರು ಓಡುವುದನ್ನು ನಿಲ್ಲಿಸುತ್ತಿತ್ತಂತೆ. ನನ್ನ ಮದುವೆಯ ಮಾತುಕತೆಯ ದಿನ ಅವರು ನನ್ನನ್ನು ಬೈದಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಾಲು ಮುಂದಕ್ಕೆ ಚಾಚಿ ಕೂತಿದ್ದೆ ಎಂಬುದು ನನ್ನ ಅಪರಾಧವಾಗಿತ್ತು.

ಅಂಥ ಮಾವ ಒಂದು ಸೂಟ್‌ಕೇಸು ಮತ್ತು ಒಂದು ಮೀನಿನ ತೊಟ್ಟಿಯ ಜೊತೆ ಬಂದಿಳಿದರು. ಬಂದವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಏನು ಕೇಳಿದರೂ ‘ಹೂಂ’, ಏನು ಬಡಿಸಿದರೂ ‘ಸಾಕು’. ಈ ಎರಡು ಮಾತಿನಲ್ಲಿ ಅವರ ಸಂಸಾರ ನಡೆಯುತ್ತಿತ್ತು. ಮಾತಾಡುತ್ತಿದ್ದದ್ದು ಮೀನಿನ ಜೊತೆ ಮಾತ್ರ. ಅದು ಅತ್ತೆ ಸಾಕಿದ ಮೀನು. ಕಿತ್ತಳೆ ಬಣ್ಣದ ಗೋಲ್ಡ್ ಫಿಷ್. ಮೊದಲು ಹೊಟ್ಟೆ ಬರುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಮೀನು ಬರುತ್ತಿತ್ತು. ಅದಕ್ಕೇ ಅತ್ತೆ ಅದನ್ನು ಡೊಳ್ಳಣ್ಣ ಎಂದು ಕರೆಯುತ್ತಿದ್ದರು. ಬೆಳಗಾಗೆದ್ದು ಮಾವ ಗಾಜಿಗೆ ಮುಖ ಹಚ್ಚಿ ಡೊಳ್ಳಣ್ಣನಿಗೆ ಏನೇನೋ ಗುನುಗುನು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಹೋಗಿ ನಿಂತರೆ ಬಾಯಿ ಮುಚ್ಚುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದ ಅಳಿಯನಿಗೆ ಇಲ್ಲದ ಮರ್ಯಾದೆ ಒಂದು ಮೀನಿಗೆ! ನನಗೆ ಹೊಟ್ಟೆ ಉರಿಯಿತು ಎಂದರೆ ಅದರಲ್ಲಿ ಮುಚ್ಚುಮರೆ ಏನಿದೆ?

ಮಾವ ಬಂದ ದಿನ ನೋಡಲು ನೆಂಟರೆಲ್ಲ ಬಂದಿದ್ದರು. ಆಗ ತೊಟ್ಟಿಯ ಮುಂದೆ ನಿಂತು, ‘ಮೀನು ಸಾಕೋದು ಅಂದ್ರೆ ಆಟ ಅಲ್ಲ, ಅದೊಂದು ವಿಜ್ಞಾನ’ ಎಂದುಬಿಟ್ಟೆ. ಅದೊಂದು ಮಾತು ಬಂತು ಅಷ್ಟೆ. ನೆಂಟರು ಹೋದ ಮೇಲೆ ಹೆಂಡತಿ ನನ್ನನ್ನು ಅಡಿಗೆಮನೆಗೆ ಕರೆದಳು.

‘ವಿಜ್ಞಾನ ಗೊತ್ತು ಅಂದ್ರಲ್ಲ, ಇನ್ಮೇಲೆ ಮೀನು ನಿಮ್ಮ ಜವಾಬ್ದಾರಿ. ಅಪ್ಪ ಬಾಯಿ ಬಿಡೋದು ಅದರ ಹತ್ರ ಮಾತ್ರ. ಅದಕ್ಕೇನಾದ್ರೂ ಆಯ್ತೋ, ಅಪ್ಪನ ಬಾಯಿ ಪೂರ್ತಿ ಮುಚ್ಚಿಹೋಗುತ್ತೆ. ಅದು ಮುಚ್ಚಿದ ಮೇಲೆ ನಾನು ಬಾಯಿ ಬಿಡ್ತೀನಿ. ನೆನಪಿರಲಿ.’

ನೆನಪಿಟ್ಟುಕೊಂಡೆ. ಆದರೂ ಒಂದು ದಿನ ಡೊಳ್ಳಣ್ಣ ತೊಟ್ಟಿಯ ಮೂಲೆಯಲ್ಲಿ ರೆಕ್ಕೆ ಮಡಚಿಕೊಂಡು ಕೂತ. ತಟ್ಟಿದರೂ ಅಲುಗಲಿಲ್ಲ. ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಹೆಂಡತಿ ನನ್ನನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಮೀನಿನ ಅಂಗಡಿಗೆ ಓಡಿದೆ.

‘ನೀರು ಟೆಸ್ಟ್ ಮಾಡ್ತೀರಾ ಸಾರ್?’ ಎಂದ ಅಂಗಡಿಯವನು.

‘ದಿನಾ ನೋಡ್ತೀನಿ. ತಿಳಿಯಾಗಿದೆ.’

‘ತಿಳಿಯಾಗಿರೋದು ಬೇರೆ, ಒಳ್ಳೇದಾಗಿರೋದು ಬೇರೆ,’ ಎಂದು ಅವನು ಒಂದು ಚಿಕ್ಕ ಡಬ್ಬಿ ತೆಗೆದ. ಒಳಗೆ ಬೆಂಕಿಕಡ್ಡಿಗಿಂತ ಉದ್ದದ ಕಾಗದದ ಪಟ್ಟಿಗಳು. ಪಟ್ಟಿಯನ್ನು ನೀರಿಗೆ ಅದ್ದಿ ಒಂದು ನಿಮಿಷ ಕಾಯಬೇಕು. ಅದರಲ್ಲಿ ಎರಡು ಚೌಕಗಳಿವೆ. ಒಂದು ನೀರಿನ ಗಡಸುತನ ಹೇಳುತ್ತದೆ, ಇನ್ನೊಂದು ನೈಟ್ರೇಟ್ ಎಷ್ಟಿದೆ ಎಂದು ಹೇಳುತ್ತದೆ. ಬಂದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಗುಲಾಬಿ ಗಾಢವಾದಷ್ಟೂ ನೈಟ್ರೇಟ್ ಜಾಸ್ತಿ, ಮೀನಿಗೆ ಅಪಾಯ.

‘ಮೀನು ವಿಸರ್ಜಿಸಿದ್ದು, ತಿನ್ನದೆ ಬಿಟ್ಟಿದ್ದು, ಎಲ್ಲಾ ಕೊಳೆತು ಕೊನೆಗೆ ನೈಟ್ರೇಟ್ ಆಗುತ್ತೆ ಸಾರ್. ಊಟ ಕಮ್ಮಿ ಹಾಕಿ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿ. ಗಡಸು ನೀರು ಈ ಜಾತಿಗೆ ಏನೂ ಮಾಡಲ್ಲ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಅಪರೂಪಕ್ಕೆ ಕುಳಾಯಿ ನೀರಲ್ಲೇ ನೈಟ್ರೇಟ್ ಇರುತ್ತೆ. ಅದನ್ನೂ ಒಂದ್ಸಲ ನೋಡ್ಕೊಳ್ಳಿ.’

ಇಷ್ಟನ್ನೂ ಅವನು ಹೇಳಿದ ಎಂದು ಆಮೇಲೆ ಎಲ್ಲರೂ ನನ್ನ ಮೇಲೆ ಹರಿಹಾಯ್ದರು. ಹೇಳಿದ್ದು ನಿಜ. ಆದರೆ ಅವನ ಕನ್ನಡಕ ಎಡಗಡೆಗೆ ವಾಲಿತ್ತು. ಎಡಗಡೆಗೆ ವಾಲಿದ ಕನ್ನಡಕ ಕಣ್ಣ ಮುಂದಿದ್ದರೆ ನನ್ನಂಥ ಕೆಲಸಗಾರನಿಗೆ ಬೇರೆ ಏನು ಕೇಳಿಸುತ್ತದೆ? ಕೊನೆಗೆ ಕೈಚಾಚಿ ಅವನ ಫ್ರೇಮನ್ನು ಸರಿಮಾಡಿದೆ. ಆ ಹೊತ್ತಿಗೆ ಅವನು ಕೊನೆಯ ಮಾತಿಗೆ ಬಂದಿದ್ದ. ಕುಳಾಯಿ ನೀರಲ್ಲೇ ನೈಟ್ರೇಟ್! ಆ ಮಾತು ನನ್ನ ತಲೆಯಲ್ಲಿ ಭದ್ರವಾಗಿ ಕೂತಿತು.

ಮನೆಗೆ ಬಂದು ಪಟ್ಟಿ ಅದ್ದಿದೆ. ಬಣ್ಣ ಬಂತು. ಯಾವ ಬಣ್ಣ ಎಂಬುದರ ಮೇಲೆ ಮನೆ ಇಬ್ಭಾಗವಾಯಿತು. ಹೆಂಡತಿ ಗುಲಾಬಿ ಎಂದಳು. ಮಗಳು ಇದು ಗುಲಾಬಿಯೇ ಅಲ್ಲ, ಕೆನ್ನೀಲಿ ಎಂದಳು. ಮಾವನವರನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಕೆಳಮಹಡಿಯಲ್ಲಿ ಪೇಂಟ್ ಅಂಗಡಿಯವರಿದ್ದರು. ಬಣ್ಣದ ವಿಷಯದಲ್ಲಿ ಅವರ ಮಾತೇ ಕೊನೆ ಎಂದು ಅವರನ್ನೇ ಕರೆಸಿದೆ. ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ‘ಇದು ಸಾಯಂಕಾಲದ ಸೊಬಗು. ನಮ್ಮಲ್ಲಿ ನಾಲ್ಕು ಲೀಟರ್ ಡಬ್ಬ ಸಿಗುತ್ತೆ. ಎರಡು ಕೋಟ್ ಹೊಡೀಬೇಕು,’ ಎಂದರು. ಡಬ್ಬಿಯ ಮೇಲೆ ಸಾಯಂಕಾಲದ ಸೊಬಗಿನ ಎದುರು ನಲವತ್ತು ಎಂದಿತ್ತು.

ನಲವತ್ತು! ಕೆಂಪು ಬಕೆಟ್ಟು ತಂದು, ತೊಟ್ಟಿಯ ಅರ್ಧ ನೀರನ್ನು ಅದಕ್ಕೆ ಇಳಿಸಿ, ಫಿಲ್ಟರಿನ ಸ್ಪಂಜನ್ನೂ ಅದರಲ್ಲೇ ಹಿಂಡಿ, ಬಚ್ಚಲಿಗೆ ಚೆಲ್ಲಿದೆ. ಹೊಸ ನೀರು ತುಂಬಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಸಾಯಂಕಾಲದ ಸೊಬಗು. ಮತ್ತೆ ಬದಲಾಯಿಸಿದೆ. ಮತ್ತೆ ಬಂತು. ಹೊಸ ನೀರು ಹಾಕಿದ ಮೇಲೂ ನೈಟ್ರೇಟ್ ಬರುತ್ತದೆ ಎಂದರೆ ಹೊಸ ನೀರಿನಲ್ಲೇ ಅದು ಇರಬೇಕು. ಇದು ತರ್ಕ. ತರ್ಕವನ್ನು ಸಾಬೀತು ಮಾಡಲು ಕುಳಾಯಿಯಿಂದ ಒಂದು ಲೋಟ ನೀರನ್ನು ಆ ಕೆಂಪು ಬಕೆಟ್ಟಿಗೆ ಹಿಡಿದು ಪಟ್ಟಿ ಅದ್ದಿದೆ. ಗುಲಾಬಿ! ಕೆಟಲಿನ ತಳ ನೋಡಿದೆ, ಸುಣ್ಣದಂತೆ ಬಿಳಿ ಪದರ ಕಟ್ಟಿತ್ತು. ಗಡಸುತನ! ನೈಟ್ರೇಟು ಮತ್ತು ಗಡಸುತನ ಎರಡೂ ಸೇರಿ ನಮ್ಮ ಮನೆಗೆ ಪೈಪಿನ ಮೂಲಕ ನುಗ್ಗುತ್ತಿದ್ದವು.

ಬಕೆಟ್ಟಿನ ತಳದಲ್ಲಿ ಹಳೆಯ ನೀರು ಒಂದಿಷ್ಟು ಉಳಿದಿತ್ತಲ್ಲ ಎಂದು ನೀವು ಕೇಳಬಹುದು. ಉಳಿದಿತ್ತು. ಅದನ್ನು ತೊಳೆಯುವುದಾದರೂ ಯಾವುದರಿಂದ? ಸಂಶಯಕ್ಕೆ ಒಳಗಾದ ಅದೇ ಕುಳಾಯಿ ನೀರಿನಿಂದಲೆ? ಅದು ವಿಜ್ಞಾನವೆ?

ಈ ವಿಷಯವನ್ನು ನಾನು ಊರೆಲ್ಲ ಸಾರಿದೆ ಎನ್ನುತ್ತಾರೆ. ಶುದ್ಧ ಸುಳ್ಳು. ಹೇಳಿದ್ದು ಒಬ್ಬರಿಗೆ, ಎದುರುಮನೆಯ ಸಂಗೀತದ ಟೀಚರಿಗೆ. ಅದೂ ಅವರು ಕೇಳಿದ್ದಕ್ಕೆ.

‘ಏನ್ರೀ, ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀರಾ?’

‘ನಮ್ಮ ನೀರಲ್ಲಿ ನೈಟ್ರೇಟ್ ನಲವತ್ತಿದೆ. ಗಡಸುತನ ಬೇರೆ.’

‘ಅಯ್ಯೋ!’ ಎಂದು ಅವರು ಗಂಟಲು ಹಿಡಿದುಕೊಂಡರು. ‘ಅದಕ್ಕೇ ನನಗೆ ಮೇಲಿನ ಸ್ವರ ಹತ್ತುತ್ತಿಲ್ಲ!’

ಸಂಜೆಯೊಳಗೆ ಕಟ್ಟಡದಲ್ಲಿ ನೀರಿನಿಂದ ಕೆಡದ ವಸ್ತುವೇ ಉಳಿಯಲಿಲ್ಲ. ಒಬ್ಬರ ಕೂದಲು ಉದುರಿದ್ದು ಗಡಸುತನದಿಂದ. ಇನ್ನೊಬ್ಬರ ಮಂಡಿನೋವು ನೈಟ್ರೇಟಿನಿಂದ. ಮೇಲಿನ ಮಹಡಿಯ ಹುಡುಗ ಗಣಿತದಲ್ಲಿ ಫೇಲಾಗಿದ್ದಕ್ಕೆ ಅವನ ತಂದೆ ಎರಡನ್ನೂ ಹೊಣೆ ಮಾಡಿದರು. ಪೇಂಟ್ ಅಂಗಡಿಯವರು ತಮ್ಮ ಗೋಡೆಯ ಬಣ್ಣ ಸಿಪ್ಪೆ ಎದ್ದದ್ದನ್ನು ತೋರಿಸಿ, ‘ನನ್ನ ಮಾಲು ಕಳಪೆ ಅಂದ್ರಲ್ಲ, ಈಗ ಗೊತ್ತಾಯ್ತಾ, ಎಲ್ಲಾ ನೀರಿನ ಕರಾಮತ್ತು,’ ಎಂದು ಎದೆಯುಬ್ಬಿಸಿ ತಿರುಗಿದರು.

ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದರು. ಅವರು ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಬಗ್ಗೆ ಅನೌನ್ಸ್ ಮಾಡುತ್ತಿದ್ದು ನಿವೃತ್ತರಾದವರು. ಮನೆಯಲ್ಲಿ ಕಾಫಿ ಕೇಳುವಾಗಲೂ ಅದೇ ಧಾಟಿ.

‘ದಯವಿಟ್ಟು ಗಮನಿಸಿ. ಪ್ರತಿಯೊಂದು ಮನೆಯ ನೀರಿನ ಪರೀಕ್ಷೆ ಆಗತಕ್ಕದ್ದು. ಪರೀಕ್ಷಕರು ತಾವೇ.’

‘ನಾನಾ?’

‘ತಾವೇ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.’

ನಾನು ಒಪ್ಪದೆ ಏನು ಮಾಡಲಿ? ಅಂಗಡಿಯ ಬಿಳಿ ಕೋಟು ಹಾಕಿಕೊಂಡು ಬಾಗಿಲು ಬಾಗಿಲಿಗೆ ಹೋದೆ. ಪರೀಕ್ಷೆ ಎಂದರೆ ಎಲ್ಲರಿಗೂ ಒಂದೇ ಪಾತ್ರೆ ಇರಬೇಕು. ಒಬ್ಬರಿಗೆ ಗಾಜು, ಒಬ್ಬರಿಗೆ ಸ್ಟೀಲು ಎಂದರೆ ಪಕ್ಷಪಾತವಾಗುತ್ತದೆ. ಆದ್ದರಿಂದ ಕೆಂಪು ಬಕೆಟ್ಟನ್ನೇ ಎಲ್ಲ ಕಡೆ ಒಯ್ದೆ. ತೊಟ್ಟಿಯ ನೀರನ್ನು ಆಗಾಗ ಅದರಲ್ಲೇ ತೆಗೆಯುತ್ತಲೂ ಇದ್ದೆ, ಮನೆಯಲ್ಲಿ ಬೇರೆ ಬಕೆಟ್ಟು ಇರಲಿಲ್ಲ. ಪ್ರತಿ ಮನೆಯವರೂ ಒಂದು ಲೋಟ ನೀರು ಅದಕ್ಕೆ ಸುರಿದರು, ನಾನು ಪಟ್ಟಿ ಅದ್ದಿದೆ. ಪ್ರತಿ ಮನೆಯಲ್ಲೂ ಗುಲಾಬಿ! ನಾಲ್ಕನೆಯ ಮಹಡಿಯಲ್ಲೂ ಗುಲಾಬಿ! ಒಬ್ಬರು ಅಂಗಡಿಯಿಂದ ತಂದ ಬಾಟಲಿ ನೀರನ್ನು ಸುರಿದು ನನ್ನನ್ನು ಪರೀಕ್ಷಿಸಲು ನೋಡಿದರು. ಅದೂ ಗುಲಾಬಿ! ಬಾಟಲಿ ಕಂಪನಿಯವರೂ ಈ ಸಂಚಿನಲ್ಲಿದ್ದಾರೆ ಎಂದು ಮೆಟ್ಟಿಲ ಮೇಲೆ ನಿಂತು ಘೋಷಿಸಿದೆ. ಚಪ್ಪಾಳೆ ಬಿತ್ತು. ಆ ದಿನಗಳಲ್ಲಿ ನನಗೆ ಎಷ್ಟು ಮನ್ನಣೆ ಇತ್ತು ಎಂದರೆ, ಲಿಫ್ಟಿನ ಬಾಗಿಲನ್ನು ನಾನು ಬರುವವರೆಗೆ ಹಿಡಿದುಕೊಂಡು ನಿಲ್ಲುತ್ತಿದ್ದರು.

ಮನೆಯಲ್ಲಿ ಮಾತ್ರ ಮನ್ನಣೆ ಕಡಿಮೆ. ಡೊಳ್ಳಣ್ಣ ದಿನದಿನಕ್ಕೆ ಸೊರಗುತ್ತಿದ್ದ. ಕಿತ್ತಳೆ ಬಣ್ಣ ಮಾಸಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು. ಅವನನ್ನು ನೋಡುತ್ತಾ ಕೂತ ಮಾವನ ಗುನುಗುನು ಕೂಡ ನಿಂತಿತ್ತು. ಹೆಂಡತಿ ರಾತ್ರಿ ಊಟದ ಹೊತ್ತಿನಲ್ಲಿ ಮುಖ ಊದಿಸಿಕೊಂಡು, ‘ಅಪ್ಪ ತಟ್ಟೆ ಖಾಲಿ ಮಾಡ್ತಾರೆ ಅನ್ನೋದೊಂದೇ ಸಮಾಧಾನ,’ ಎನ್ನುತ್ತಿದ್ದಳು. ಅದು ನಿಜ. ನಮ್ಮ ಜೊತೆ ಮೇಜಿಗೆ ಬಾರದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಅವರ ಊಟವಾಗುತ್ತಿತ್ತು. ತಟ್ಟೆ ತೊಳೆದಿಟ್ಟ ಹಾಗೆ ಹಿಂದಿರುಗುತ್ತಿತ್ತು.

ಇನ್ನೊಂದು ಕಿರಿಕಿರಿ ಅವರ ಕನ್ನಡಕದ್ದು. ಅದು ಮೂಗಿನ ತುದಿಗೆ ಜಾರುತ್ತಿತ್ತು. ನಾನೇ ಕೂರಿಸಿದ ಫ್ರೇಮು! ಬಿಗಿ ಮಾಡಿದೆ. ಮತ್ತೆ ಜಾರಿತು. ಮತ್ತೆ ಬಿಗಿ ಮಾಡಿದೆ. ಫ್ರೇಮು ಮಾಡಿದ ಕಾರ್ಖಾನೆಯವರನ್ನು ಅಂಗಡಿಯಿಂದ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಇಂಥ ಕಳಪೆ ಮಾಲು ಕೊಟ್ಟು ನನ್ನ ಮಾವನ ಎದುರು ನನ್ನ ಮರ್ಯಾದೆ ತೆಗೆದರು ಎಂದು.

ಕಾರ್ಯದರ್ಶಿ ಬರೆದ ದೂರಿಗೆ ಓಗೊಟ್ಟು ನೀರಿನ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಂಗಸು. ಕೈಯಲ್ಲಿ ಒಂದು ಪೆಟ್ಟಿಗೆ, ಮುಖದಲ್ಲಿ ನಗೆಯ ಸುಳಿವಿಲ್ಲ. ಸಭೆ ನಮ್ಮ ಮನೆಯ ನಡುಮನೆಯಲ್ಲಿ ಸೇರಿತು. ಪೇಂಟ್ ಅಂಗಡಿಯವರು ಸೋಫಾದ ತೋಳಿನ ಮೇಲೆ, ಸಂಗೀತದ ಟೀಚರು ಬಾಗಿಲಲ್ಲಿ, ಉಳಿದವರು ಮೆಟ್ಟಿಲಿನವರೆಗೂ. ಮಾವನವರು ಎಂದಿನಂತೆ ನಮ್ಮೆಲ್ಲರಿಗೆ ಬೆನ್ನು ಹಾಕಿ ತೊಟ್ಟಿಯ ಮುಂದೆ ಕೂತಿದ್ದರು.

ನಾನು ಬಿಳಿ ಕೋಟಿನಲ್ಲಿ ನಿಂತು ಭಾಷಣ ಮಾಡಿದೆ. ‘ಒಂದು ಮೂಕ ಜೀವ ಕಣ್ಣ ಮುಂದೆ ಸಾಯ್ತಾ ಇದೆ! ಇವತ್ತು ಮೀನು, ನಾಳೆ ನಾವು! ಈ ನೀರು ಬಿಟ್ಟೋರು ಯಾರು? ಈ ಇಲಾಖೆ ಏನು ನಿದ್ದೆ ಮಾಡ್ತಿತ್ತಾ?’

ಹೆಂಡತಿ ಅಡಿಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ ಏನೋ ಸನ್ನೆ ಮಾಡುತ್ತಿದ್ದಳು. ಮೆಚ್ಚುಗೆ ಎಂದುಕೊಂಡು ಸ್ವರ ಏರಿಸಿದೆ.

ಅಧಿಕಾರಿ ಅಡಿಗೆಮನೆಗೆ ಹೋಗಿ, ತಮ್ಮ ಗಾಜಿನ ಶೀಶೆಗೆ ಕುಳಾಯಿ ನೀರು ಹಿಡಿದು, ಹನಿ ಹಾಕಿ ಅಲ್ಲಾಡಿಸಿದರು. ನೀರು ನೀರಿನ ಬಣ್ಣದಲ್ಲೇ ಉಳಿಯಿತು.

‘ನೈಟ್ರೇಟ್ ಇಲ್ಲ ಅನ್ನೋಷ್ಟು ಕಮ್ಮಿ. ಗಡಸುತನ ಮಧ್ಯಮ. ಕೆಟಲಿಗೆ ಬಿಳಿ ಬರುತ್ತೆ ಅಷ್ಟೆ, ಮನುಷ್ಯರಿಗೂ ಮೀನಿಗೂ ಏನೂ ಆಗಲ್ಲ.’

‘ನಿಮ್ಮ ಶೀಶೆ ಸರಿ ಇಲ್ಲ!’ ಎಂದೆ. ‘ಇದರಲ್ಲಿ ಹಿಡೀರಿ!’ ಎಂದು ಕೆಂಪು ಬಕೆಟ್ಟನ್ನು ಮುಂದೆ ಚಾಚಿದೆ.

ಆಕೆ ಬಕೆಟ್ಟಿನೊಳಗೆ ಇಣುಕಿದರು. ಮೂಗು ಮುಚ್ಚಿಕೊಂಡರು. ‘ಇದರಲ್ಲಿ ಏನು ಮಾಡ್ತೀರಿ?’

‘ತೊಟ್ಟಿ ನೀರು ತೆಗೀತೀನಿ. ಸ್ಪಂಜ್ ಹಿಂಡ್ತೀನಿ. ಆಮೇಲೆ ಎಲ್ಲರ ಮನೆ ನೀರನ್ನ ಪರೀಕ್ಷೆ...’

ಅಷ್ಟು ಹೇಳುವಾಗ ನನಗೇ ನಾಲಿಗೆ ತೊಡರಿತು. ಕಾರ್ಯದರ್ಶಿ ಸಣ್ಣದಾಗಿ, ‘ದಯವಿಟ್ಟು ಗಮನಿಸಿ,’ ಎಂದವರು ಮುಂದೆ ಏನನ್ನು ಗಮನಿಸಬೇಕೆಂದು ತಿಳಿಯದೆ ನಿಲ್ಲಿಸಿದರು. ಬಾಟಲಿ ನೀರಿನವರು ಹಲ್ಲು ಕಡಿದರು. ಅವರು ಪರೀಕ್ಷೆಯ ದಿನದಿಂದ ಬಾಟಲಿ ನೀರಿನಲ್ಲಿ ಸ್ನಾನ ಮಾಡುವುದನ್ನೂ ಬಿಟ್ಟಿದ್ದರು, ಅಂದರೆ ಸ್ನಾನವನ್ನೇ ಬಿಟ್ಟಿದ್ದರು.

ಅಧಿಕಾರಿ ಈಗ ತೊಟ್ಟಿಯ ನೀರು ತೆಗೆದು ಹನಿ ಹಾಕಿದರು. ಅದು ರಕ್ತದ ಬಣ್ಣಕ್ಕೆ ತಿರುಗಿತು. ಪೇಂಟ್ ಅಂಗಡಿಯವರಿಗೂ ಅದರ ಹೆಸರು ಬರಲಿಲ್ಲ.

‘ಈ ಮೀನಿಗೆ ಊಟ ಹಾಕೋರು ಯಾರು?’

‘ನಾನು. ದಿನಕ್ಕೊಂದು ಚಿಟಿಕೆ,’ ಎಂದೆ. ‘ಸಂಜೆ ಪಾಪ ಅಂತ ಇನ್ನೊಂದು ಚಿಟಿಕೆ.’

‘ನಾನೂ ಬೆಳಗ್ಗೆ ಸ್ವಲ್ಪ ಹಾಕ್ತೀನಿ,’ ಎಂದಳು ಹೆಂಡತಿ. ‘ಬಾಯಿ ತೆರ್ಕೊಂಡು ನೋಡುತ್ತಲ್ಲ!’

ಮಗಳು ಬಿಸ್ಕತ್ತಿನ ಪುಡಿಯ ವಿಷಯ ಒಪ್ಪಿಕೊಂಡಳು. ಸಂಗೀತದ ಟೀಚರು ಸಕ್ಕರೆ ಕೇಳಲು ಬಂದಾಗಲೆಲ್ಲ ಏನಾದರೂ ಹಾಕಿದ್ದನ್ನು ಒಪ್ಪಿಕೊಂಡರು. ಕಾರ್ಯದರ್ಶಿಯವರೂ ಪರಿಶೀಲನೆಗೆ ಬಂದ ದಿನ ಒಂದು ತುಂಡು ಬನ್ನು ‘ಸದುದ್ದೇಶದಿಂದ’ ಬಿಟ್ಟಿದ್ದರಂತೆ. ನೋಡಿ, ನಾನೊಬ್ಬನೇ ಅಪರಾಧಿಯೆ?

‘ಇಷ್ಟಕ್ಕೆಲ್ಲ ಇಷ್ಟು ಕೆಂಪು ಬರಲ್ಲ,’ ಎಂದು ಆಕೆ ಉಡುಪಿನ ತೋಳನ್ನು ಮೇಲಕ್ಕೆ ಮಡಚಿ, ಒಂದು ಸೌಟು ಕೇಳಿ, ತೊಟ್ಟಿಯ ತಳದ ಕಲ್ಲುಗಳನ್ನು ಕೆದಕಿದರು. ನೀರು ಕಲಕಿ ಕಪ್ಪಾಯಿತು. ಆಮೇಲೆ ಒಂದೊಂದಾಗಿ ಮೇಲೆ ಬಂದವು. ಅನ್ನದ ಅಗುಳು. ಬೇಯಿಸಿದ ಬಟಾಣಿ. ಕ್ಯಾರೆಟ್ಟಿನ ಚೂರು. ಅರ್ಧ ತುಂಡು ಬ್ರೆಡ್ಡು.

‘ಇದು ಮೀನಿನ ಊಟ ಅಲ್ಲ,’ ಎಂದರು ಆಕೆ. ‘ಮನುಷ್ಯರ ಊಟ.’

ಎಲ್ಲರೂ ನನ್ನನ್ನು ನೋಡಿದರು. ನನಗೆ ಮೈಯೆಲ್ಲ ಬೆಂಕಿಯಾಯಿತು. ಬಕೆಟ್ಟು ಕೈಕೊಟ್ಟಿತ್ತು, ಶೀಶೆ ಕೈಕೊಟ್ಟಿತ್ತು, ಮರ್ಯಾದೆಯ ಕೊನೆಯ ಎಳೆ ಕೈಯಲ್ಲಿತ್ತು. ಅದನ್ನು ಬಿಡುವವನೆ ನಾನು?

‘ಪೈಪಲ್ಲಿ ಬಂದಿದೆ!’ ಎಂದು ಕೂಗಿದೆ.

‘ಬಟಾಣಿ ಪೈಪಲ್ಲಿ ಬರುತ್ತಾ?’

‘ಯಾಕೆ ಬರಲ್ಲ? ಆ ಕಾಲದ ಪೈಪುಗಳಲ್ಲಿ ಏನು ಬೇಕಾದ್ರೂ ಬರುತ್ತೆ! ಹಾಕಿಸಿದೋರು ನೆಟ್ಟಗೆ ಹಾಕಿಸಿದ್ರೆ ತಾನೆ? ಕುರ್ಚೀಲಿ ಕೂತು ನಿದ್ದೆ ಹೊಡೆದು ಪೆನ್ಷನ್ ತಗೊಂಡು ಹೋದ್ರು!’

‘ಏನಂದೆ?’

ಆ ಸ್ವರ ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ಸಂಗೀತದ ಟೀಚರು ಬೆಚ್ಚಿ ಬಾಗಿಲು ಹಿಡಿದುಕೊಂಡರು. ಮಾವನವರು ಕುರ್ಚಿಯಿಂದ ಎದ್ದು ನಮ್ಮ ಕಡೆ ತಿರುಗಿದ್ದರು. ಕನ್ನಡಕ ಮೂಗಿನ ತುದಿಯಲ್ಲಿ, ಅದರ ಮೇಲೆ ಎರಡು ಕಣ್ಣು ಕೆಂಡದ ಹಾಗೆ.

‘ಏನಂದೆ ಅಂತ ಕೇಳ್ದೆ. ಯಾರು ನಿದ್ದೆ ಹೊಡೆದಿದ್ದು? ನನ್ನ ಪೈಪಲ್ಲಿ ಬಟಾಣಿ ಬರುತ್ತಾ? ಲೋ, ನನ್ನ ಪೈಪಲ್ಲಿ ಒಂದು ಇರುವೆ ಬಂದಿದ್ರೆ ಆವತ್ತೇ ರಾಜೀನಾಮೆ ಕೊಡ್ತಿದ್ದೆ ಕಣೋ! ಕೊಳಕು ಬಕೆಟ್ಟು ಹಿಡ್ಕೊಂಡು ಮನೆಮನೆ ಸುತ್ತಿದ್ಯಲ್ಲ, ಒಂದು ದಿನ ಅದನ್ನ ತೊಳೆದ್ಯಾ? ಕೋಟು ಬೇರೆ! ಮದುವೆ ಮಾತುಕತೆಗೆ ಬಂದಾಗ್ಲೇ ನಮ್ಮೋಳಿಗೆ ಹೇಳ್ದೆ, ಈ ಹುಡುಗನ ಮೂಗು ಚೆನ್ನಾಗಿದೆ, ಅದರ ಹಿಂದೆ ಏನೂ ಇಲ್ಲ ಅಂತ. ಅವಳು ಕೇಳಿದ್ಲಾ? ಕಾಫಿ ಕುಡಿಯೋವಾಗ ಪಂಪ್ ಏರ್ ಎಳೆದ ಹಾಗೆ ಶಬ್ದ ಮಾಡ್ತೀಯ. ಬಾಗಿಲು ಹಾಕಿದ್ರೆ ಮನೆ ಅದುರುತ್ತೆ. ಬಲ್ಬು ಬದಲಾಯಿಸೋಕೆ ಇಬ್ಬರನ್ನ ಕರೀತೀಯ. ನನ್ನ ನೀರಿಗೆ ಹೆಸರಿಡೋಕೆ ಬಂದ!’

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಅಳಿಯನಾಗಿ ಇಷ್ಟು ಜನರ ಎದುರು ಇಂಥ ಬೈಗುಳ ತಿಂದ ನನಗೆ ಎಷ್ಟು ರೋಷ ಉಕ್ಕಿರಬೇಡ! ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಒಟ್ಟಿಗೆ ನಡೆದಿತ್ತು.

‘ಬಕೆಟ್ಟಿನ ವಿಷಯ ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?’ ಎಂದೆ, ಉಳಿದ ಧೈರ್ಯವನ್ನು ಒಟ್ಟುಗೂಡಿಸಿ.

‘ನೀನು ಕೇಳಿದ್ಯಾ? ಬಣ್ಣ ನೋಡೋಕೆ ಕೆಳಗಡೆಯಿಂದ ಪೇಂಟಿನೋನನ್ನ ಕರ್ಕೊಂಡು ಬಂದೆ. ಎರಡಡಿ ದೂರದಲ್ಲಿ ನಾನು ಕೂತಿದ್ದೆ. ನೀರಲ್ಲೇ ಹುಟ್ಟಿ ನೀರಲ್ಲೇ ಮುದುಕನಾದೋನು. ನನ್ನನ್ನ ಯಾರು ಕೇಳಿದ್ರಿ?’

ಪೇಂಟ್ ಅಂಗಡಿಯವರು ಸೋಫಾದ ತೋಳಿನಿಂದ ಇಳಿದರು.

ಹೆಂಡತಿ ಮೆಲ್ಲನೆ ಮುಂದೆ ಬಂದಳು. ಸೌಟಿನಲ್ಲಿದ್ದ ಬಟಾಣಿ ನೋಡಿದಳು. ಅದು ಹಿಂದಿನ ರಾತ್ರಿ ಅವಳೇ ಮಾಡಿದ ಪಲ್ಯದ್ದು.

‘ಅಪ್ಪ, ಇದು...’

ಮಾವನವರ ಸ್ವರ ಇಳಿಯಿತು. ಸಿಕ್ಕಿಬಿದ್ದವರ ಹಾಗೆ ತೊಟ್ಟಿಯ ಕಡೆ ನೋಡಿದರು.

‘ಸೇರಲ್ಲ ಕಣಮ್ಮ. ಅವಳು ಹೋದ ಮೇಲೆ ಒಬ್ಬನೇ ಕೂತು ತಿನ್ನೋಕೆ ಗಂಟಲಲ್ಲಿ ಇಳಿಯಲ್ಲ. ತಟ್ಟೇಲಿ ಬಿಟ್ರೆ ನೀನು ಮುಖ ಸಣ್ಣ ಮಾಡ್ತೀಯ. ಅದಕ್ಕೆ ಇವನಿಗೆ ಹಾಕ್ತಿದ್ದೆ. ಇವನೂ ಎಷ್ಟು ಅಂತ ತಿಂತಾನೆ, ಪಾಪ.’

ಹಾಗೆನ್ನುವಾಗ ಅವರ ಕನ್ನಡಕ ಪೂರ್ತಿ ಜಾರಿ ಕೈಗೆ ಬಿತ್ತು. ನಾನು ಅದನ್ನು ತೆಗೆದುಕೊಂಡು ಹಾಕಲು ಹೋದೆ. ಆಗ ಕಂಡಿತು. ಫ್ರೇಮು ಸರಿಯಾಗಿಯೇ ಇತ್ತು. ಕೆನ್ನೆ ಇರಲಿಲ್ಲ. ಕಿವಿಯ ಹಿಂದೆ ಬರೀ ಎಲುಬು. ದಿನವೂ ಆ ಮುಖವನ್ನು ಕೈಯಲ್ಲಿ ಹಿಡಿದು ತಿರುಪು ಬಿಗಿ ಮಾಡಿದ್ದೆ, ಮುಖ ಕರಗಿದ್ದು ನನಗೆ ಕಾಣಲಿಲ್ಲ. ಮೂಗು ನೋಡಿ ಮನುಷ್ಯನನ್ನು ಹೇಳುತ್ತೇನೆ ಎನ್ನುವವನು ನಾನು! ನಾಚಿಕೆಯಾಯಿತು. ನನಗೆ ನಾಚಿಕೆಯಾದರೆ ಕೂಡಲೇ ಕೋಪ ಬರುತ್ತದೆ. ಕೋಪ ತೀರಿಸಲು ಬೇರೆ ಯಾರೂ ಸಿಗದೆ ಸಭೆಯ ಕಡೆ ತಿರುಗಿ, ‘ಇನ್ನೂ ಏನು ನೋಡ್ತಾ ನಿಂತಿದೀರಿ? ಎಲ್ಲರ ನೀರೂ ಚೆನ್ನಾಗಿದೆ, ಹೋಗಿ ಸ್ನಾನ ಮಾಡಿ!’ ಎಂದು ಗದರಿದೆ. ಕೆಲವರಿಗೆ ಅದರ ಅಗತ್ಯ ಬಹಳ ಇತ್ತು.

ಅಧಿಕಾರಿ ಪೆಟ್ಟಿಗೆ ಮುಚ್ಚಿ, ಮಾವನವರಿಗೆ ಕೈಮುಗಿದು ಹೋದರು. ನನಗೆ ಮುಗಿಯಲಿಲ್ಲ.

ತೊಟ್ಟಿಯ ಕಲ್ಲುಗಳನ್ನು ತೊಳೆದದ್ದು ಮಾವನವರ ಉಸ್ತುವಾರಿಯಲ್ಲಿ. ಹೊಸ ಬಕೆಟ್ಟು ತಂದೆ, ಅದರ ಬಣ್ಣಕ್ಕೂ ಬೈಸಿಕೊಂಡೆ. ನೀರನ್ನು ಒಮ್ಮೆಲೇ ಪೂರ್ತಿ ಬದಲಾಯಿಸಲು ಹೋದಾಗ ಕೈ ಹಿಡಿದು ನಿಲ್ಲಿಸಿ, ‘ಸ್ವಲ್ಪ ಸ್ವಲ್ಪ ಮಾಡೋ, ಅವನೇನು ನಿನ್ನ ಹಾಗೆ ದಪ್ಪ ಚರ್ಮದೋನಾ?’ ಎಂದರು. ಪಟ್ಟಿಯ ಗುಲಾಬಿ ವಾರ ವಾರಕ್ಕೆ ತಿಳಿಯಾಯಿತು. ಡೊಳ್ಳಣ್ಣ ಮೂಲೆ ಬಿಟ್ಟು ಎದ್ದ. ಈಗ ಹೊಟ್ಟೆ ಮೊದಲಿನಂತೆ ಮುಂದೆ ಬರುತ್ತಿದೆ.

ಇಷ್ಟಾದ ಮೇಲಾದರೂ ನನ್ನ ಪಾಡಿಗೆ ನನ್ನನ್ನು ಬಿಟ್ಟರೆ? ಇಲ್ಲ. ನನ್ನ ಹೆಂಡತಿ ಒಂದು ಸಂಗತಿ ಕಂಡುಹಿಡಿದಿದ್ದಾಳೆ. ಸಭೆ ನಡೆದ ದಿನ ರಾತ್ರಿ ಮಾವನವರು ಬೈಗುಳ ಪೂರ್ತಿಯಾಗಲಿಲ್ಲವೆಂದು ಮೇಜಿಗೆ ಬಂದು ನನ್ನ ಎದುರಿಗೇ ಕೂತು ಬೈದರು. ಬೈಯುತ್ತಾ ಬೈಯುತ್ತಾ ತಟ್ಟೆಯಲ್ಲಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಂಡರು. ಮರುದಿನವೂ ಹಾಗೆಯೇ. ಕೋಪ ಬಂದರೆ ಅವರಿಗೆ ಹಸಿವಾಗುತ್ತದೆ. ಈಗ ಪ್ರತಿ ಸಂಜೆ ನಾನು ಅಂಗಡಿಯಿಂದ ಬಂದ ಕೂಡಲೇ ಹೆಂಡತಿ ಬಾಗಿಲಲ್ಲೇ ಪಿಸುಗುಡುತ್ತಾಳೆ. ‘ಇವತ್ತು ಏನು ತಪ್ಪು ಮಾಡಿದೀರಿ?’ ಏನೂ ಇಲ್ಲ ಎಂದರೆ ಅವಳ ಮುಖ ಕಪ್ಪಿಡುತ್ತದೆ. ದಿನಕ್ಕೊಂದು ತಪ್ಪು ಹೊಂದಿಸುವುದು ಎಷ್ಟು ಕಷ್ಟ ಎಂದು ಇವಳಿಗೇನು ಗೊತ್ತು? ನನ್ನಂಥ ಅಚ್ಚುಕಟ್ಟಾದ ಮನುಷ್ಯನಿಗೆ!

ನಿನ್ನೆ ನಿಜವಾಗಿಯೂ ಒಂದೂ ತಪ್ಪಾಗಲಿಲ್ಲ. ಬೇಕೆಂದೇ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಮೇಜಿಗೆ ಕೂತೆ. ಮಾವನವರು ಗಮನಿಸಲೇ ಇಲ್ಲ. ಎರಡು ತುತ್ತು ತಿಂದರು. ಮೂರನೆಯದನ್ನು ತಟ್ಟೆಯಲ್ಲೇ ಆ ಕಡೆ ಈ ಕಡೆ ತಳ್ಳುತ್ತಾ ಕೂತರು. ಅತ್ತೆ ಮಾಡುತ್ತಿದ್ದ ರುಚಿ ನೆನಪಾಯಿತೋ ಏನೋ, ಕಣ್ಣು ಎಲ್ಲೋ ಹೋಗಿತ್ತು. ಬಾಯಲ್ಲಿ ‘ಸಾ...’ ಎಂದು ಶುರುವಾಗಿತ್ತು. ಮೇಜಿನ ಕೆಳಗೆ ಹೆಂಡತಿ ನನ್ನ ಕಾಲನ್ನು ಬಲವಾಗಿ ತುಳಿದಳು. ಮಗಳು ಉಸಿರು ಬಿಗಿ ಹಿಡಿದು ನನ್ನನ್ನೇ ನೋಡಿದಳು.

ನಾನು ಗಂಟಲು ಸರಿಮಾಡಿಕೊಂಡೆ.

‘ಅಲ್ಲ ಮಾವ, ನನಗೊಂದು ಅರ್ಥವಾಗಲ್ಲ. ಮೋಟರು ತಾನಾಗೇ ತಿರುಗುತ್ತೆ, ನೀರು ತಾನಾಗೇ ಹರಿಯುತ್ತೆ. ಹಾಗಿದ್ದ ಮೇಲೆ ಪಂಪ್ ಹೌಸಿಗೆ ಒಬ್ಬ ಸೂಪರಿಂಟೆಂಡೆಂಟ್ ಯಾಕೆ ಬೇಕಿತ್ತು?’

ಮಾವನವರ ಕೈ ನಿಂ‍ತಿತು. ತಲೆ ನಿಧಾನವಾಗಿ ಮೇಲೆದ್ದಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಅಂಗಿಯ ತೋಳು ಮೇಲಕ್ಕೆ ಮಡಚಿ, ತಟ್ಟೆಯನ್ನು ನನ್ನ ಹೆಂಡತಿಯ ಕಡೆ ಚಾಚಿದರು.

‘ಇನ್ನೂ ಸ್ವಲ್ಪ ಬಡಿಸಮ್ಮ. ಇವನಿಗೆ ಹೇಳೋದು ತುಂಬಾ ಇದೆ.’